ವಾಡೆಗಳು ಮತ್ತು ಮಾಳಿಗೆ ಮನೆಗಳು: ಉಳಿವು, ಅಳಿವು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪಟ್ಟಣಗಳಲ್ಲೂ ಸುತ್ತಲಿನ ಊರುಗಳಲ್ಲೂ ಹಳೆಯ ಮನೆಗಳು ಮುಖ್ಯವಾಗಿ ಎರಡು ಬಗೆಯವು. ದೇಸಾಯಿ, ದೇಶಪಾಂಡೆ, ನಾಡಗೌಡ ಮೊದಲಾದ ವತನದಾರರು, ಅಂದರೆ ಕಂದಾಯದ ಹುದ್ದೆಯನ್ನು ವಂಶಪಾರಂಪರ್ಯವಾಗಿ ಪಡೆದ ಮನೆತನದವರು, ಕಟ್ಟಿಸಿದ ಎತ್ತರ ಗೋಡೆಯ ದೊಡ್ಡ ಮನೆಗೆ ವಾಡೆ ಎಂದೂ, ರೈತರು ಮತ್ತು ವ್ಯಾಪಾರಿಗಳು ಕಟ್ಟಿಕೊಂಡ ಮಣ್ಣಿನ ಸಮತಟ್ಟು ಚಾವಣಿಯ ಮನೆಗೆ ಮಾಳಿಗೆ ಮನೆ ಎಂದೂ ಹೆಸರು.

ಮಾಳಿಗೆ ಮನೆಯ ಕಲ್ಲುಮಣ್ಣಿನ ದಪ್ಪ ಗೋಡೆ ಬೇಸಿಗೆಯ ಉರಿಯನ್ನು ತಡೆಯುತ್ತದೆ. ಕಟ್ಟಿಗೆಯ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಬಿರುಕು ಮುಚ್ಚಿ, ಹೊಸ ಮಣ್ಣು ಹರಡಿ, ತುಳಿದು ಗಟ್ಟಿಮಾಡದಿದ್ದರೆ ನೀರು ಜಂತಿಗೆ ಇಳಿದು, ಕಟ್ಟಿಗೆ ಕೊಳೆತು, ಮನೆ ಒಳಗಿನಿಂದಲೇ ಕುಸಿಯುತ್ತದೆ.

ಈ ಭಾಗ ಮುಂಬಯಿ ರಾಜ್ಯದಲ್ಲಿದ್ದಾಗ 1950ರ ಪರಗಣ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ ಬಂದು, 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಉಳುವವರಿಗೆ ಸೇರಿತು. ಉಳುವವರಿಗೆ ನ್ಯಾಯ ತಂದ ಈ ಬದಲಾವಣೆಯಿಂದ ವಾಡೆಗಳ ದುರಸ್ತಿಗೆ ಆಧಾರವಾಗಿದ್ದ ಆದಾಯ ನಿಂತಿತು; ಪಾಲಾದ ಮನೆಗಳಲ್ಲಿ ಪಡಸಾಲೆಯ ನಡುವೆಯೇ ಗೋಡೆಗಳು ಎದ್ದವು. ಆಲಮಟ್ಟಿ ಜಲಾಶಯಕ್ಕೆ ಕೃಷ್ಣಾ ತೀರದ ಊರುಗಳು ಮುಳುಗಿದಾಗ ಅಲ್ಲಿನ ಮನೆಗಳೂ ಹೋದವು. 2009ರ ಅತಿವೃಷ್ಟಿಗೆ ಉತ್ತರ ಕರ್ನಾಟಕದಲ್ಲಿ ಅಪಾರ ಸಂಖ್ಯೆಯ ಮಣ್ಣಿನ ಮನೆಗಳು ಬಿದ್ದು, ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಬಂದವು.

ಕೇಂದ್ರದ 1958ರ ಮತ್ತು ರಾಜ್ಯದ 1961ರ ಪ್ರಾಚೀನ ಸ್ಮಾರಕ ಕಾಯ್ದೆಗಳ ರಕ್ಷಣೆ ದೊರೆಯುವುದು ಸರಕಾರ ಸಂರಕ್ಷಿತವೆಂದು ಘೋಷಿಸಿದ ಕಟ್ಟಡಗಳಿಗೆ ಮಾತ್ರ. ಜಿಲ್ಲೆಯಲ್ಲಿ ಆ ಗೌರವ ಹೆಚ್ಚಾಗಿ ಆದಿಲ್‌ಶಾಹಿ ಗೋರಿ, ಮಸೀದಿ, ಕೋಟೆಗಳಿಗೂ ಗುಡಿಗಳಿಗೂ ಸಂದಿದೆ. ಬಸವಣ್ಣನವರ ಜನ್ಮಸ್ಥಳವೆಂದು ಜನ ಭಕ್ತಿಯಿಂದ ಕಾಣುವ ಬಸವನ ಬಾಗೇವಾಡಿಯ ಮನೆ ಸ್ಮಾರಕವಾಗಿದೆ. ಹೆಸರಾಂತರ ನಂಟಿಲ್ಲದ ಮನೆಗಳಿಗೆ ಆ ಭಾಗ್ಯವಿಲ್ಲ. ಫ್ರಾನ್ಸಿನಲ್ಲಿ ಸಚಿವ ಆಂದ್ರೆ ಮಾಲ್ರೋ ಹೆಸರಿನಿಂದ ಪ್ರಸಿದ್ಧವಾದ 1962ರ ಕಾನೂನು ಒಂದೊಂದೇ ಕಟ್ಟಡದ ಬದಲು ಇಡೀ ಹಳೆಯ ಓಣಿಗಳನ್ನೇ ರಕ್ಷಿತ ವಲಯವಾಗಿಸಿ, ಜನ ವಾಸವಿದ್ದಂತೆಯೇ ದುರಸ್ತಿಗೆ ದಾರಿ ಮಾಡಿತು. ಮೇಲ್ಮುದ್ದೆಯ ಮನೆಗೂ ಬೇಕಾದದ್ದು ಇಂಥ ಆಸರೆಯೇ, ಏಕೆಂದರೆ ವರ್ಷವರ್ಷ ಮಣ್ಣು ತುಳಿಯುವ ಕಾಲುಗಳಿಲ್ಲದೆ ಸಂರಕ್ಷಿತವೆಂಬ ಫಲಕವೊಂದೇ ಅದನ್ನು ಉಳಿಸಲಾರದು.