ಮಗನಿಗೊಂದು ಎಕರೆ

ಬೇಸಿಗೆಯ ಕೊನೆಯಲ್ಲಿ ಇಲ್ಲಿ ಅಮೆರಿಕದಲ್ಲಿ ನಡೆಯುವ ಕೌಂಟಿ ಫೇರ್‌ಗೆ ನಮ್ಮ ಕೂಟದ ಹೆಚ್ಚಿನ ಕುಟುಂಬಗಳು ಒಮ್ಮೆಯಾದರೂ ಹೋಗಿರುತ್ತವೆ. ಹತ್ತು ಹನ್ನೆರಡು ವರ್ಷದ ಮಕ್ಕಳು ತಾವೇ ಸಾಕಿದ ಕರುವನ್ನು ಹಿಡಿದು ನಿಂತಿರುತ್ತಾರೆ. ಹಿಂದೆ ಹಸಿರು ನಾಲ್ಕೆಲೆಯ ಚಿಹ್ನೆ, ಎಲೆಗೊಂದು ಇಂಗ್ಲಿಷಿನ ಹೆಚ್ ಅಕ್ಷರ. ನಾವು ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಆ ಫೋರ್-ಹೆಚ್ ಚಿಹ್ನೆಯ ಹಿಂದಿನ ಕಥೆ ರೈತರ ಮೊಮ್ಮಕ್ಕಳಾದ ನಮಗೆ ಗೊತ್ತಿರಬೇಕಾದದ್ದು.

1862ರಲ್ಲಿ ಲಿಂಕನ್ ಸಹಿ ಹಾಕಿದ ಮಾರಿಲ್ ಕಾಯಿದೆಯಿಂದ ಈ ದೇಶದಲ್ಲಿ ಕೃಷಿ ಕಾಲೇಜುಗಳು ಬೆಳೆದವು. ಆದರೆ ಅಲ್ಲಿನ ವಿದ್ಯೆ ಹೊಲಕ್ಕೆ ಇಳಿಯಲಿಲ್ಲ. ಸೂಟು ತೊಟ್ಟು ಬಂದವರ ಮಾತನ್ನು ರೈತರು ಪುಸ್ತಕದ ಬೇಸಾಯವೆಂದು ನಕ್ಕುಬಿಡುತ್ತಿದ್ದರು. ಓದಿದ ಮಗ ಪೇಟೆ ಸೇರುತ್ತಿದ್ದ, ಓದದ ಮಗ ಅಪ್ಪ ಮಾಡಿದಂತೆಯೇ ಮಾಡುತ್ತಿದ್ದ. ಎಲ್ಲಿಯೋ ಕೇಳಿದ ಹಾಗಿದೆಯಲ್ಲವೇ?

ಆಗ ಕೆಲವರು ಅಪ್ಪಂದಿರನ್ನು ಬಿಟ್ಟು ಮಕ್ಕಳ ಕಡೆ ತಿರುಗಿದರು. 1902ರ ಜನವರಿಯಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಸುಮಾರು 30 ಮಕ್ಕಳನ್ನು ಸೇರಿಸಿದರು. ಲಿಟ್ಮಸ್ ಕಾಗದದಿಂದ ಮಣ್ಣಿನ ಹುಳಿ ನೋಡುವುದು, ಒಳ್ಳೆಯ ಬೀಜ ಆರಿಸುವುದು, ಇವೇ ಮೊದಲ ಪಾಠಗಳು. 1907ರಲ್ಲಿ ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯಲ್ಲಿ ವಿಲಿಯಂ ಸ್ಮಿತ್ ಹುಡುಗರ ಜೋಳದ ಸಂಘ ಕಟ್ಟಿದರು (ಜೋಳವೆಂದರೆ ನಮ್ಮ ಮುಸುಕಿನ ಜೋಳ). ಕೃಷಿ ಇಲಾಖೆಯ ಸೀಮನ್ ನ್ಯಾಪ್ ಅದನ್ನು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿಸಿದರು. ನಿಯಮ ಸರಳ: ಹುಡುಗನಿಗೆ ಒಂದು ಎಕರೆ. ಕೆಲಸ ಅವನೇ ಮಾಡಬೇಕು, ಖರ್ಚುವೆಚ್ಚ ಅವನೇ ಬರೆದಿಡಬೇಕು, ಲಾಭವೂ ಅವನದೇ. 1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಜೆರ್ರಿ ಮೂರ್ ಎಂಬ ಹುಡುಗ ತನ್ನ ಎಕರೆಯಲ್ಲಿ 228 ಬುಷೆಲ್ ಬೆಳೆದ. ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಲ್! ಆ ಸೀಮೆಯಲ್ಲಿ ಇಪ್ಪತ್ತು ಬುಷೆಲ್ ಬಂದರೆ ಅಪ್ಪಂದಿರು ತೃಪ್ತರಾಗುತ್ತಿದ್ದ ಕಾಲ ಅದು. ಪ್ರೊಫೆಸರನ್ನು ನೋಡಿ ನಕ್ಕವರು ಸ್ವಂತ ಮಗನ ಕಣಜ ನೋಡಿ ನಗುವಂತಿರಲಿಲ್ಲ.

ವೈದ್ಯನಾದ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಎಂಬಿಬಿಎಸ್‌ನಲ್ಲಿ ಪುಸ್ತಕಗಳೆಲ್ಲ ಬಾಯಿಪಾಠವಾಗಿದ್ದವು. ಕೈ ಪಳಗಿದ್ದು ಹೌಸ್ ಸರ್ಜನ್ ಆದ ಮೇಲೆ, ಹಿರಿಯರೊಬ್ಬರು ಬೆನ್ನ ಹಿಂದೆ ನಿಂತು ನೋಡುತ್ತಿದ್ದಾಗ. 1917ರ ಸ್ಮಿತ್-ಹ್ಯೂಸ್ ಕಾಯಿದೆ ಇದನ್ನೇ ಹೈಸ್ಕೂಲಿಗೆ ತಂದಿತು. ಕೃಷಿ ಓದುವ ಹುಡುಗ ಹೊಲದಲ್ಲಿ ಕನಿಷ್ಠ ಆರು ತಿಂಗಳು ಮೇಷ್ಟರ ಉಸ್ತುವಾರಿಯಲ್ಲಿ ದುಡಿಯಲೇಬೇಕಾಯಿತು. ಇಂಥ ಹುಡುಗರೇ 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ ಸಂಘ ಸ್ಥಾಪಿಸಿದರು.

ಕಥೆಯಲ್ಲಿ ಕಲೆಯೂ ಇದೆ. ದಕ್ಷಿಣದಲ್ಲಿ ಶಾಲೆಗಳೇ ಬೇರೆಬೇರೆ. ಕರಿಯ ಹುಡುಗರು ನ್ಯೂ ಫಾರ್ಮರ್ಸ್ ಆಫ್ ಅಮೆರಿಕ ಎಂದು ತಮ್ಮದೇ ಸಂಘ ಮಾಡಿಕೊಳ್ಳಬೇಕಾಯಿತು. ಎರಡೂ ಒಂದಾದದ್ದು 1965ರಲ್ಲಿ. 1910ರಲ್ಲೇ ಮೇರಿ ಕ್ರೋಮರ್ ಎಂಬ ಶಿಕ್ಷಕಿ ಹುಡುಗಿಯರ ಟೊಮೆಟೊ ಸಂಘ ಕಟ್ಟಿದ್ದರೂ, ಫ್ಯೂಚರ್ ಫಾರ್ಮರ್ಸ್ ಸಂಘ ಹೆಣ್ಣುಮಕ್ಕಳಿಗೆ ರಾಷ್ಟ್ರಮಟ್ಟದಲ್ಲಿ ಬಾಗಿಲು ತೆರೆದದ್ದು 1969ರಲ್ಲಿ.

ನಮ್ಮ ನಾಡಿಗೂ ಇಲ್ಲಿಂದ ಒಂದು ದಾರಿ ಹೋಗಿದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಿಸಿದ ಪುಣ್ಯಾತ್ಮ. ಅವರ ಕಾಲದಲ್ಲೇ, 1913ರಲ್ಲಿ, ಹೆಬ್ಬಾಳದ ಕೃಷಿ ಶಾಲೆ ಶುರುವಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಮೆರಿಕದ ಮಾದರಿಯಲ್ಲೇ ಆರಂಭವಾಯಿತು. ಟೆನೆಸಿ ವಿಶ್ವವಿದ್ಯಾಲಯ ನೆರವಾಯಿತು. ಈಗ ಅಲ್ಲಿ ಬಿಎಸ್ಸಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿದ್ದು ರೈತರೊಡನೆ ದುಡಿಯಬೇಕು. ಒಳ್ಳೆಯದೇ. ಆದರೆ ಪದವಿ ಮುಗಿಯುವ ಹೊತ್ತಿಗೆ ಮನಸ್ಸು ಬ್ಯಾಂಕು, ಸರ್ಕಾರಿ ನೌಕರಿಗಳ ಕಡೆ ಹೊರಟಿರುತ್ತದೆ. ಕಾಲೇಜು ನಮಗೆ ದಕ್ಕಿತು. ಹೈಸ್ಕೂಲು ಹುಡುಗನ ಆ ಒಂದು ಎಕರೆ ದಕ್ಕಲಿಲ್ಲ ಎಂದೇ ನನ್ನ ಅನಿಸಿಕೆ.

ಇಷ್ಟೆಲ್ಲ ಆದ ಮೇಲೂ 2022ರ ಗಣತಿಯಲ್ಲಿ ಅಮೆರಿಕದ ರೈತರ ಸರಾಸರಿ ವಯಸ್ಸು 58.1. ನನ್ನಂಥವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು! ಊರಲ್ಲಿ ನಮ್ಮ ಅಣ್ಣಂದಿರು, ಭಾವಂದಿರು ಇದಕ್ಕಿಂತ ಚಿಕ್ಕವರೇನಲ್ಲ. ಊರಿನಲ್ಲಿ ಜಮೀನು ಉಳಿಸಿಕೊಂಡವರು ನಮ್ಮ ಕೂಟದಲ್ಲಿ ಹಲವರಿದ್ದೀರಿ. ಅದರಲ್ಲಿ ಒಂದು ಎಕರೆಯನ್ನು ಊರಿನ ಹೈಸ್ಕೂಲು ಮಕ್ಕಳ ಬೇಸಾಯಕ್ಕೆ ಬಿಟ್ಟು, ಬೀಜ ಗೊಬ್ಬರದ ಖರ್ಚು ಹೊರಲು ಮನಸ್ಸಿರುವವರು ಮುಂದಿನ ಸಭೆಯಲ್ಲಿ ಊಟಕ್ಕೆ ಮೊದಲು ನನ್ನನ್ನು ಕಾಣಿರಿ.