ನಡುವಿನ ಸೊನ್ನೆ

ಕಾರುಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಬಣ್ಣ ಗುರುತಿಸುವುದಕ್ಕೇ ಮುಗಿಯುತ್ತದೆ. ಏಳನೇ ತರಗತಿಯ ಹುಡುಗನೊಬ್ಬ ಇತಿಹಾಸದ ನೋಟ್‌ಬುಕ್ಕಿನ ರಟ್ಟಿಗೆ ಕಾರಿನ ಚಿತ್ರ ಅಂಟಿಸಿಕೊಂಡು ಬಂದಿದ್ದ. "ಇದೇನೋ ಇತಿಹಾಸ?" ಎಂದು ಗದರಿದೆ. "ಹೌದು ಟೀಚರ್, ಪೋರ್ಷೆ 911. ಮೊದಲು ಇದರ ಹೆಸರು 901 ಇತ್ತು" ಎಂದ. ಗದರಿದ ತಪ್ಪಿಗೆ ನಾನೇ ಕೂತು ಓದಬೇಕಾಯಿತು.

1963ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಿತು. ರೂಪ ಕೊಟ್ಟವನು ಕಂಪನಿ ಕಟ್ಟಿದ ಫರ್ಡಿನಾಂಡ್ ಪೋರ್ಷೆಯ ಮೊಮ್ಮಗ, ಆಗಿನ್ನೂ 27 ವರ್ಷದವನು. ಎಂಜಿನ್ ಇರುವುದು ಹಿಂದೆ. ಅತ್ತ ಮೂರು, ಇತ್ತ ಮೂರು ಮಲಗಿದ ಸಿಲಿಂಡರುಗಳು. ಆಗ ತಂಪು ಮಾಡಲು ನೀರಿರಲಿಲ್ಲ, ಗಾಳಿಯೇ. ಮಾಡು ಹಿಂದಕ್ಕೆ ಒಂದೇ ಜಾರಿನಲ್ಲಿ ಇಳಿಯುತ್ತದೆ. ಅದು ಚೆಂದ ಎಂದು ನನ್ನಂಥವಳಿಗೂ ತಿಳಿಯುತ್ತದೆ.

ಫ್ರಾನ್ಸಿನ ಪೆಜೋ ಕಂಪನಿ ತಕರಾರು ತೆಗೆಯಿತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳ ಹಕ್ಕು ತಮ್ಮದು ಎಂದಿತು. 82 ಕಾರುಗಳು ಹಳೆಯ ಹೆಸರಿನಲ್ಲೇ ತಯಾರಾಗಿದ್ದವು. 1964ರಲ್ಲಿ ಸೊನ್ನೆ ಹೋಗಿ ಒಂದು ಬಂತು. ನಮ್ಮ ಧಾರವಾಡದ ಕಡೆ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿಕೊಂಡ ಹೆಣ್ಣುಮಕ್ಕಳಿಗೆ ಇದೇನು ಹೊಸತಲ್ಲ ಅನ್ನಿ.

ಓದುತ್ತ ಹೋದ ಹಾಗೆ ಇನ್ನೊಂದು ಹೆಸರು ಸಿಕ್ಕಿತು: ಅಡೋಲ್ಫ್ ರೋಸೆನ್‌ಬೆರ್ಗರ್. 1931ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಪೋರ್ಷೆ ಮತ್ತು ಆತನ ಅಳಿಯನ ಜೊತೆ ಕಂಪನಿ ಕಟ್ಟಿದ ಮೂರನೆಯವನು. ಹೆಸರಾಂತ ರೇಸ್ ಚಾಲಕ. ದುಡ್ಡು ಹಾಕಿದ, ವ್ಯವಹಾರ ನೋಡಿಕೊಂಡ. ಆದರೆ ಯಹೂದಿ. ಹಿಟ್ಲರ್ ಬಂದ ಮೇಲೆ, 1935ರಲ್ಲಿ, ತನ್ನ ಪಾಲನ್ನು ಬರೀ ಮುಖಬೆಲೆಗೆ ಬಿಟ್ಟುಕೊಡಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ನಾಜಿ ಪೊಲೀಸರು ಹಿಡಿದು ಶಿಬಿರಕ್ಕೆ ಹಾಕಿದರು. ಬಿಡುಗಡೆಯಾದವನು ದೇಶ ಬಿಟ್ಟ. ಅಮೆರಿಕ ಸೇರಿ ಅಲನ್ ರಾಬರ್ಟ್ ಎಂದಾದ. ಯುದ್ಧ ಮುಗಿದ ಮೇಲೆ ಹಕ್ಕು ಕೇಳಿದ. 1950ರಲ್ಲಿ 50,000 ಮಾರ್ಕು, ಒಂದು ಕಾರು ಕೊಟ್ಟು ವ್ಯಾಜ್ಯ ಮುಗಿಸಿದರು. ಪಾಲುದಾರಿಕೆ ಮರಳಿ ಬರಲಿಲ್ಲ.

2014ರಲ್ಲಿ ಹಳೆಯ 901 ಒಂದು ಜರ್ಮನಿಯ ಕೊಟ್ಟಿಗೆಯೊಂದರಲ್ಲಿ ತುಕ್ಕು ಹಿಡಿದು ಸಿಕ್ಕಿತು. ಕಂಪನಿಯ ವಸ್ತುಸಂಗ್ರಹಾಲಯದವರು ಅದನ್ನು ಕೊಂಡು, ಮೂರು ವರ್ಷ ಕೂತು ಸರಿಪಡಿಸಿ, 2017ರಲ್ಲಿ ಜನರ ಮುಂದಿಟ್ಟರು. ಕಬ್ಬಿಣದ ಮೇಲೆ ಇಷ್ಟು ಅಕ್ಕರೆ ಇದ್ದವರಿಗೆ ಆ ಮನುಷ್ಯನ ಹೆಸರು ಹೇಳಲು ಯಾಕೆ ಇಷ್ಟು ವರ್ಷ ಹಿಡಿಯಿತೋ! ನನಗಂತೂ ಸಿಟ್ಟೇ ಬಂತು.

ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಪಾಠದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿದೆ. ಅದೇ ಹುಡುಗ ಕೈ ಎತ್ತಿದ. "ಟೀಚರ್, ಅವರು 911 ನೋಡಿದ್ದರಾ?"

ಆತ ತೀರಿಕೊಂಡದ್ದು 1967ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಆ ಹೊತ್ತಿಗೆ ಅಮೆರಿಕದ ರಸ್ತೆಗಳಲ್ಲಿ ಆ ಕಾರು ಓಡಾಡುತ್ತಿತ್ತು. ನೋಡಿರಲೂಬಹುದು ಕಣೋ, ಎಂದೆ.