ಹೆಚ್ಚು ಓಡಿದ ಹಳೆಯ ಪಿಕಪ್ ವಾಹನ: ದುರಸ್ತಿಯೋ, ಬದಲಾವಣೆಯೋ?

ತರಕಾರಿ, ಹೂವು ಹಾಗೂ ಹಣ್ಣು ಬೆಳೆಯುವ ರೈತರಿಗೆ ಪಿಕಪ್ ವಾಹನವು ಕೃಷಿ ಉಪಕರಣಗಳಷ್ಟೇ ಮುಖ್ಯವಾದುದು. ವಾಹನವು ಹಳೆಯದಾಗಿ ದೊಡ್ಡ ದುರಸ್ತಿಯ ಅಂದಾಜು ಕೈಗೆ ಬಂದಾಗ ಹೆಚ್ಚಿನವರು ಕಿ.ಮೀ. ಮೀಟರನ್ನು ಇಲ್ಲವೇ ಗ್ಯಾರೇಜಿನ ಮೊತ್ತವನ್ನು ಮಾತ್ರ ನೋಡಿ ತೀರ್ಮಾನಿಸುತ್ತಾರೆ. ಈ ಎರಡರಿಂದಲೇ ಸರಿಯಾದ ಉತ್ತರ ದೊರೆಯುವುದಿಲ್ಲ. ಮೀಟರ್ ಕೆಟ್ಟು ನಿಂತಿರಬಹುದು ಅಥವಾ ಬದಲಾಗಿರಬಹುದು. ಚೆನ್ನಾಗಿ ನಿರ್ವಹಿಸಿದ ವಾಹನವು ಮೂರು ಲಕ್ಷ ಕಿ.ಮೀ. ನಂತರವೂ ದುಡಿಯಬಲ್ಲದು; ಮಿತಿಮೀರಿ ಭಾರ ಹೊತ್ತ ವಾಹನವು ಅದಕ್ಕೂ ಬಹಳ ಮೊದಲೇ ಸವೆದಿರಬಹುದು. ನಿರ್ಧಾರಕ್ಕೆ ಆಧಾರವಾಗಬೇಕಾದ ಅಂಶಗಳು ಮೂರು: ದಾಖಲೆಗಳ ಸ್ಥಿತಿ, ಚಾಸಿಯ ಸ್ಥಿತಿ ಮತ್ತು ವರ್ಷಕ್ಕೆ ನೀವು ಹೊಡೆಯುವ ಬಾಡಿಗೆರಹಿತ ಸ್ವಂತ ಟ್ರಿಪ್‌ಗಳ ಸಂಖ್ಯೆ. ಇವುಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸಿ.

ಹಂತ 1: ದಾಖಲೆಗಳ ಪರಿಶೀಲನೆ

• ಸರಕು ಸಾಗಣೆ ವಾಹನಕ್ಕೆ ಅರ್ಹತಾ ಪ್ರಮಾಣಪತ್ರ (ಎಫ್.ಸಿ.) ಕಡ್ಡಾಯ. 8 ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯ ವಾಹನಕ್ಕೆ ಪ್ರತಿ ವರ್ಷ ಇದನ್ನು ನವೀಕರಿಸಬೇಕು.
• 15 ವರ್ಷ ದಾಟಿದ ವಾಹನಗಳ ಎಫ್.ಸಿ. ಶುಲ್ಕವು 2022ರ ಏಪ್ರಿಲ್‌ನಿಂದ ಗಣನೀಯವಾಗಿ ಏರಿದೆ. ನಿಮ್ಮ ವಾಹನಕ್ಕೆ ಈಗ ಅನ್ವಯಿಸುವ ಶುಲ್ಕವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಿಳಿದು ಲೆಕ್ಕಕ್ಕೆ ಸೇರಿಸಿ.
• ಬಾಕಿ ತೆರಿಗೆ, ದಂಡ ಹಾಗೂ ತೀರದ ಸಾಲದ ನಮೂದು ಇದ್ದರೆ ಅವುಗಳ ಮೊತ್ತವೂ ದುರಸ್ತಿ ವೆಚ್ಚದ ಭಾಗವೇ ಆಗಿದೆ.
• ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧದ ಸುದ್ದಿ ದೆಹಲಿ ಮತ್ತು ಸುತ್ತಲಿನ ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಆ ಸುದ್ದಿಗೆ ಹೆದರಿ ವಾಹನವನ್ನು ಕಡಿಮೆ ಬೆಲೆಗೆ ಮಾರಬೇಡಿ.

ಹಂತ 2: ಚಾಸಿಯ ಪರಿಶೀಲನೆ

ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಇವೆಲ್ಲವನ್ನೂ ಬದಲಿಸಬಹುದು. ಚಾಸಿ ಹಾಳಾಗಿದ್ದರೆ ಉಳಿದ ಭಾಗಗಳಿಗೆ ಹಾಕಿದ ಹಣ ವ್ಯರ್ಥವಾಗುತ್ತದೆ. ಆದ್ದರಿಂದ ಎಂಜಿನ್ ಬಿಚ್ಚಿಸುವ ಮೊದಲು ವಾಹನವನ್ನು ತೊಳೆಸಿ, ಕೆಳಗಿನಿಂದ ನೋಡಿ.

• ಪಟ್ಟಿ ಸ್ಪ್ರಿಂಗ್ ಕೂರುವ ಕೊಂಡಿಗಳ ಬಳಿ, ಅಡ್ಡಪಟ್ಟಿಗಳ ಜೋಡಣೆಯಲ್ಲಿ ಹಾಗೂ ಕ್ಯಾಬಿನ್‌ನ ಹಿಂಭಾಗದಲ್ಲಿ ಬಿರುಕು ಅಥವಾ ಹಳೆಯ ವೆಲ್ಡಿಂಗ್ ಗುರುತುಗಳನ್ನು ಹುಡುಕಿ.
• ತುಕ್ಕು ಹಿಡಿದ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಲೋಹವು ಸ್ಪಷ್ಟವಾಗಿ ದನಿಗೊಡುತ್ತದೆ. ಸವೆದ ಲೋಹದ ಶಬ್ದ ಮಂದವಾಗಿರುತ್ತದೆ, ಪದರಗಳು ಉದುರುತ್ತವೆ. ಸ್ಕ್ರೂಡ್ರೈವರ್ ಒತ್ತಿದಾಗ ಒಳಹೋದರೆ ಆ ಭಾಗ ಟೊಳ್ಳಾಗಿದೆ ಎಂದರ್ಥ.
• ಗೊಬ್ಬರ, ಮೀನು ಅಥವಾ ಉಪ್ಪು ಸಾಗಿಸಿದ ವಾಹನಗಳಲ್ಲಿ ಮತ್ತು ಕರಾವಳಿಯ ವಾಹನಗಳಲ್ಲಿ ತುಕ್ಕು ಬೇಗ ಹರಡುತ್ತದೆ. ಇಂತಹವುಗಳನ್ನು ಹೆಚ್ಚು ಎಚ್ಚರದಿಂದ ನೋಡಿ.

ಚಾಸಿಯು ಹಲವು ಕಡೆ ಬಿರುಕು ಬಿಟ್ಟಿದ್ದರೆ ಅಥವಾ ಟೊಳ್ಳಾಗಿದ್ದರೆ ದುರಸ್ತಿಯ ಯೋಚನೆಯನ್ನು ಇಲ್ಲಿಗೇ ನಿಲ್ಲಿಸಿ. ಅಂತಹ ವಾಹನದಲ್ಲಿ ಭಾರ ಹೇರಿ ಚಲಿಸುವುದು ಜೀವಕ್ಕೆ ಅಪಾಯ.

ಹಂತ 3: ಎಂಜಿನ್ ಮತ್ತು ಚಾಲನಾ ಭಾಗಗಳು

• ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ಲೈನರ್, ವಾಲ್ವ್ ಅಥವಾ ಟರ್ಬೊ ಸವೆದಿರಬಹುದು.
• ಕಪ್ಪು ಹೊಗೆ: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಡೀಸೆಲ್ ಸಿಂಪಡಣೆ ಸರಿ ಇಲ್ಲದಿರಬಹುದು. ಇದು ಹಲವು ಬಾರಿ ಕಡಿಮೆ ಖರ್ಚಿನ ದೋಷ.
• ಎಂಜಿನ್ ಬಿಸಿಯಾದ ನಂತರವೂ ಬಿಳಿ ಹೊಗೆ: ರೇಡಿಯೇಟರ್ ನೀರು ಸಿಲಿಂಡರ್‌ಗೆ ಸೇರುತ್ತಿರಬಹುದು ಅಥವಾ ಡೀಸೆಲ್ ಪೂರ್ಣ ಉರಿಯದಿರಬಹುದು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿರುವ ಸಂಭವ ಹೆಚ್ಚು.
• ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಜಾಗರೂಕತೆಯಿಂದ ಸಡಿಲಿಸಿ. ಹೊಗೆಯು ರಭಸದಿಂದ ಚಿಮ್ಮಿದರೆ ರಿಂಗ್ ಮತ್ತು ಲೈನರ್ ಸವೆದಿರುವ ಲಕ್ಷಣ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ.
• ಭಾರ ಹೇರಿ ಏರು ಹತ್ತಿಸಿ ನೋಡಿ. ಎಂಜಿನ್ ವೇಗ ಏರಿದರೂ ವಾಹನದ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್ ತಾನಾಗಿ ಕಳಚಿಕೊಂಡರೆ ಗೇರ್ ಬಾಕ್ಸ್ ಕೆಲಸವಿದೆ.

ಎಂಜಿನ್ ಇಳಿಸುವ ಮುನ್ನ ಪ್ರತಿ ಸಿಲಿಂಡರಿನ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಎರಡು ಗ್ಯಾರೇಜುಗಳಿಂದ ಬಿಡಿಭಾಗ ಹಾಗೂ ಕೂಲಿಯನ್ನು ಪ್ರತ್ಯೇಕವಾಗಿ ತೋರಿಸಿದ ಲಿಖಿತ ಅಂದಾಜು ಪಡೆಯಿರಿ. ಬಿಚ್ಚಿದ ಮೇಲೆ ಹೊಸ ದೋಷಗಳು ಕಾಣಿಸುವುದು ಸಾಮಾನ್ಯವಾದ್ದರಿಂದ ಅಂದಾಜಿಗೆ ಶೇ. 20ರಷ್ಟು ಹೆಚ್ಚುವರಿ ಮೊತ್ತ ಸೇರಿಸಿಕೊಳ್ಳಿ.

ಹಂತ 4: ವಾರ್ಷಿಕ ವೆಚ್ಚದ ಲೆಕ್ಕ

ಈ ಲೆಕ್ಕದಲ್ಲಿ ಎರಡು ನಿಯಮಗಳನ್ನು ಪಾಲಿಸಿ. ಮೊದಲನೆಯದಾಗಿ, ಕಳೆದ ವರ್ಷ ಖರ್ಚು ಮಾಡಿದ ಹಣವನ್ನು ಸೇರಿಸಬೇಡಿ. ನೀವು ಏನು ನಿರ್ಧರಿಸಿದರೂ ಅದು ಮರಳದು. ಎರಡನೆಯದಾಗಿ, ವಾಹನವನ್ನು ಇಂದಿನ ಸ್ಥಿತಿಯಲ್ಲಿ ಮಾರಿದರೆ ಬರುವ ಬೆಲೆಯನ್ನು ವೆಚ್ಚವಾಗಿ ಸೇರಿಸಿ. ಇಟ್ಟುಕೊಂಡರೆ ಆ ಹಣವನ್ನು ನೀವು ಬಿಟ್ಟುಕೊಟ್ಟಂತೆ.

ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಊಹಿಸಿದವು. ನಿಮ್ಮ ಅಂಕಿಗಳನ್ನು ಹಾಕಿ ಲೆಕ್ಕಿಸಿ.

ಇಂದಿನ ಮಾರಾಟ ಬೆಲೆ: ರೂ. 1,20,000
ದುರಸ್ತಿ ವೆಚ್ಚ: ರೂ. 90,000
ಮೂರು ವರ್ಷದ ನಂತರದ ಬೆಲೆ: ರೂ. 60,000
ಮೂರು ವರ್ಷದ ನಿವ್ವಳ ವೆಚ್ಚ: ರೂ. 1,50,000, ವರ್ಷಕ್ಕೆ ರೂ. 50,000
ವಿಮೆ, ತೆರಿಗೆ, ಎಫ್.ಸಿ., ಟೈರ್, ಸಣ್ಣ ದುರಸ್ತಿ: ವರ್ಷಕ್ಕೆ ರೂ. 40,000
ಒಟ್ಟು ಸ್ಥಿರ ವೆಚ್ಚ: ವರ್ಷಕ್ಕೆ ರೂ. 90,000

ಮಾರುಕಟ್ಟೆಗೆ ಹೋಗಿ ಬರಲು 60 ಕಿ.ಮೀ. ಆಗಿ, ಲೀಟರಿಗೆ 12 ಕಿ.ಮೀ. ಓಡಿದರೆ, ಲೀಟರಿಗೆ ರೂ. 90ರಂತೆ ಒಂದು ಟ್ರಿಪ್‌ಗೆ ಡೀಸೆಲ್ ವೆಚ್ಚ ರೂ. 450. ಅದೇ ಟ್ರಿಪ್‌ಗೆ ಬಾಡಿಗೆ ವಾಹನವು ಡೀಸೆಲ್ ಮತ್ತು ಚಾಲಕ ಸಹಿತ ರೂ. 1,200 ಕೇಳಿದರೆ, ನೀವೇ ಓಡಿಸುವ ಸ್ವಂತ ವಾಹನದಲ್ಲಿ ಪ್ರತಿ ಟ್ರಿಪ್‌ಗೆ ಉಳಿಯುವುದು ರೂ. 750. ಸ್ಥಿರ ವೆಚ್ಚ 90,000ವನ್ನು 750ರಿಂದ ಭಾಗಿಸಿದರೆ 120. ಅಂದರೆ ವರ್ಷಕ್ಕೆ 120ಕ್ಕಿಂತ ಹೆಚ್ಚು ಟ್ರಿಪ್ ಇದ್ದರೆ ಮಾತ್ರ ಈ ದುರಸ್ತಿ ಬಾಡಿಗೆಗಿಂತ ಲಾಭದಾಯಕ. 70 ಟ್ರಿಪ್ ಮಾತ್ರ ಇರುವ ರೈತರಿಗೆ ಬಾಡಿಗೆಯೇ ವರ್ಷಕ್ಕೆ ರೂ. 37,500 ಅಗ್ಗ. ಟ್ರಿಪ್‌ಗಳನ್ನು ನೆನಪಿನಿಂದ ಹೇಳದೆ, ಕಳೆದ ವರ್ಷದ ಮಂಡಿ ರಸೀದಿಗಳನ್ನು ಎಣಿಸಿ.

ಹಂತ 5: ಕೈಕೊಡುವ ದಿನದ ಬೆಲೆ

ಟ್ರಿಪ್‌ಗಳು ಸಾಕಷ್ಟಿದ್ದರೆ ಬದಲಿ ವಾಹನದೊಂದಿಗೂ ಹೋಲಿಸಿ. ಉತ್ತಮ ಸ್ಥಿತಿಯ ಸೆಕೆಂಡ್ ಹ್ಯಾಂಡ್ ವಾಹನವನ್ನು ರೂ. 4,50,000ಕ್ಕೆ ಕೊಂಡು ಆರು ವರ್ಷ ಬಳಸಿ ರೂ. 2,10,000ಕ್ಕೆ ಮಾರಿದರೆ ವರ್ಷಕ್ಕೆ ರೂ. 40,000, ನಿರ್ವಹಣೆ ರೂ. 30,000, ಸಾಲದ ಬಡ್ಡಿ ಸರಾಸರಿ ರೂ. 35,000, ಒಟ್ಟು ರೂ. 1,05,000. ಹಳೆಯ ವಾಹನವು ರೂ. 15,000 ಅಗ್ಗವೆಂದು ತೋರುತ್ತದೆ.

ಆದರೆ 15 ಕೆ.ಜಿ.ಯ 80 ಕ್ರೇಟ್ ಟೊಮೆಟೊ ಹೊತ್ತ ವಾಹನವು ನಡುದಾರಿಯಲ್ಲಿ ನಿಂತು ಬೆಳಗಿನ ಹರಾಜು ತಪ್ಪಿದಾಗ ಕ್ರೇಟಿಗೆ ರೂ. 100 ಕಡಿಮೆಯಾದರೂ ನಷ್ಟ ರೂ. 8,000. ವರ್ಷಕ್ಕೆ ಇಂತಹ ಎರಡು ದಿನ ಬಂದರೆ ಮೇಲಿನ ಉಳಿತಾಯ ಪೂರ್ಣ ಕರಗುತ್ತದೆ. ಬೇಗ ಕೆಡುವ ಬೆಳೆ ಸಾಗಿಸುವವರು ಈ ಅಂಶಕ್ಕೆ ಹೆಚ್ಚು ಮಹತ್ವ ನೀಡಬೇಕು. ರಾಗಿ, ಜೋಳ, ತೆಂಗಿನಕಾಯಿ, ಮೇವು ಸಾಗಿಸುವವರಿಗೆ ಒಂದು ದಿನದ ವಿಳಂಬದಿಂದ ಇಷ್ಟು ಹಾನಿಯಿಲ್ಲ. ಅವರಿಗೆ ಹಳೆಯ ವಾಹನದ ದುರಸ್ತಿ ಹೆಚ್ಚು ಸೂಕ್ತ.

ದುರಸ್ತಿಗೆ ನಿರ್ಧರಿಸಿದರೆ

ಕೊಯ್ಲಿಗೆ ಕನಿಷ್ಠ ಒಂದು ತಿಂಗಳು ಮೊದಲು ಕೆಲಸ ಮುಗಿಸಿ. ಮೊದಲು ಬ್ರೇಕ್, ಸ್ಟೀರಿಂಗ್ ಮತ್ತು ಟೈರ್, ನಂತರ ಎಂಜಿನ್, ಕೊನೆಗೆ ಬಣ್ಣ ಮತ್ತು ಸೀಟು. ಬದಲಿಸಿದ ಹಳೆಯ ಬಿಡಿಭಾಗಗಳನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ.

ಮಾರಲು ಅಥವಾ ಗುಜರಿಗೆ ಹಾಕಲು ನಿರ್ಧರಿಸಿದರೆ

ಮಾರಿದ ಕೂಡಲೇ ಮಾಲೀಕತ್ವ ವರ್ಗಾವಣೆ ಮಾಡಿಸಿ. ಇಲ್ಲವಾದರೆ ಅಪಘಾತವಾದಾಗ ದಾಖಲೆಯಲ್ಲಿರುವ ನಿಮ್ಮ ಮೇಲೆಯೇ ಹೊಣೆ ಬರಬಹುದು. ಗುಜರಿಗೆ ಹಾಕುವುದಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಠೇವಣಿ ಪ್ರಮಾಣಪತ್ರ ಪಡೆದು, ನೋಂದಣಿ ರದ್ದುಪಡಿಸಿ.

ವಿಸ್ತರಣಾ ಕಾರ್ಯಕರ್ತರಿಗೆ: ಈ ಲೆಕ್ಕವನ್ನು ರೈತರ ಮನೆಯಲ್ಲಿಯೇ, ಅವರ ರಸೀದಿಗಳನ್ನು ಮುಂದಿಟ್ಟುಕೊಂಡು ಒಂದೇ ಹಾಳೆಯಲ್ಲಿ ಮಾಡಿಸಿ. ಗ್ರಾಮದಲ್ಲಿ ಕಡಿಮೆ ಟ್ರಿಪ್‌ಗಳಿರುವ ಹಲವು ರೈತರಿದ್ದರೆ, ರೈತ ಉತ್ಪಾದಕ ಸಂಸ್ಥೆಯ ಮೂಲಕ ಒಂದೇ ವಾಹನವನ್ನು ಹಂಚಿಕೊಂಡು ಬಳಸುವ ಸಾಧ್ಯತೆಯನ್ನು ಚರ್ಚಿಸಿ.